ಕುಣಿದರೆ ಕರೆಂಟು ಬರುತ್ತದೆಯೇ?



2025ರ ಜನವರಿಯಲ್ಲಿ ಬ್ರಿಟನ್ನಿನ ‘ಕೋಲ್ಡ್‌ಪ್ಲೇ’ ಎಂಬ ಸಂಗೀತ ತಂಡ ಭಾರತಕ್ಕೆ ಬಂದಿತ್ತು. ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 18, 19, 21ರಂದು ಮೂರು ರಾತ್ರಿ, ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ 25, 26ರಂದು ಎರಡು ರಾತ್ರಿ ಕಾರ್ಯಕ್ರಮ ನಡೆಯಿತು. ಕೊನೆಯ ದಿನ ಅಹಮದಾಬಾದಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಆ ದಿನದ್ದನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ನೇರಪ್ರಸಾರವಾಗಿ ನೋಡಿರಲೂಬಹುದು. ನೋಡದವರು ಬೇಸರ ಮಾಡಬೇಕಾಗಿಲ್ಲ. ಇಲ್ಲಿ ನಾವು ಮಾತಾಡಲು ಹೊರಟಿರುವುದು ಹಾಡುಗಳ ಬಗ್ಗೆ ಅಲ್ಲ, ಆ ಹಾಡುಗಳ ಹಿಂದೆ ನಡೆಯುವ ವಿಜ್ಞಾನದ ಬಗ್ಗೆ.

ಈ ತಂಡದ ಕಾರ್ಯಕ್ರಮದಲ್ಲಿ ಜನ ಕುಣಿದರೆ ಕರೆಂಟು ಹುಟ್ಟುತ್ತದೆ, ಸೈಕಲ್ ತುಳಿದರೆ ಬ್ಯಾಟರಿ ತುಂಬುತ್ತದೆ, ಸಾವಿರಾರು ಜನರ ಮುಂಗೈಯಲ್ಲಿ ಒಟ್ಟಿಗೆ ದೀಪ ಬೆಳಗುತ್ತದೆ ಎಂದು ಪತ್ರಿಕೆಗಳಲ್ಲಿ ಬಂತು. ಅದೆಲ್ಲ ನಿಜವೇ? ನಿಜ. ಹಾಗಾದರೆ ಕುಣಿದೇ ಇಡೀ ಕಾರ್ಯಕ್ರಮವನ್ನು ನಡೆಸಬಹುದೇ? ಅದು ಬೇರೆ ಪ್ರಶ್ನೆ. ನೀವು 9 ಮತ್ತು 10ನೇ ತರಗತಿಯಲ್ಲಿ ಕಲಿತ ಸೂತ್ರಗಳೇ ಇದಕ್ಕೆ ಉತ್ತರ ಕೊಡುತ್ತವೆ. ಪೆನ್ಸಿಲ್, ಕಾಗದ ಹತ್ತಿರ ಇಟ್ಟುಕೊಂಡು ಓದಿ.

ನಿಂತುಹೋದ ಪ್ರವಾಸ

ಮೊದಲು ಸ್ವಲ್ಪ ಹಿನ್ನೆಲೆ. ಕ್ರಿಸ್ ಮಾರ್ಟಿನ್, ಜಾನಿ ಬಕ್‌ಲ್ಯಾಂಡ್, ಗೈ ಬೆರಿಮನ್, ವಿಲ್ ಚಾಂಪಿಯನ್ ಎಂಬ ನಾಲ್ವರ ತಂಡ ಇದು. ಲಂಡನ್ನಿನಲ್ಲಿ ಓದುತ್ತಿದ್ದಾಗ ಕಟ್ಟಿಕೊಂಡದ್ದು. ಇಂತಹ ತಂಡಗಳು ಹೊಸ ಹಾಡುಗಳನ್ನು ಹೊರತಂದ ಕೂಡಲೇ ದೇಶದಿಂದ ದೇಶಕ್ಕೆ ಹೋಗಿ ಹಾಡುವುದು ವಾಡಿಕೆ. ಆದರೆ 2019ರ ನವೆಂಬರಿನಲ್ಲಿ ಇವರು ಹೊಸ ಆಲ್ಬಮ್ ತಂದಾಗ, ‘ಈ ಸಲ ಪ್ರವಾಸ ಇಲ್ಲ’ ಎಂದುಬಿಟ್ಟರು. ಪರಿಸರಕ್ಕೆ ಆಗುವ ಹಾನಿಯನ್ನು ಕಡಿಮೆ ಮಾಡುವ ದಾರಿ ಸಿಗುವವರೆಗೆ ಹೊರಡುವುದಿಲ್ಲ ಎಂಬುದು ಅವರ ಮಾತು.

ಹಾನಿ ಯಾಕೆ ಅಂತ ಕೇಳುತ್ತೀರಾ? ಕಲಾವಿದರು, ಕೆಲಸಗಾರರು ವಿಮಾನದಲ್ಲಿ ಓಡಾಡಬೇಕು. ವೇದಿಕೆಯ ಕಬ್ಬಿಣ, ಧ್ವನಿವರ್ಧಕ, ಪರದೆಗಳೆಲ್ಲ ಲಾರಿ, ಹಡಗು, ವಿಮಾನಗಳಲ್ಲಿ ಸಾಗಬೇಕು. ರಾತ್ರಿಯಿಡೀ ದೀಪ ಉರಿಯಬೇಕು. ಇದಕ್ಕೆಲ್ಲ ಸುಡುವ ಡೀಸೆಲ್, ಪೆಟ್ರೋಲ್, ವಿಮಾನದ ಇಂಧನದಿಂದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಎರಡು ವರ್ಷ ಯೋಚಿಸಿ, 2021ರ ಅಕ್ಟೋಬರಿನಲ್ಲಿ ತಂಡ ಒಂದು ಯೋಜನೆ ಪ್ರಕಟಿಸಿತು. 2016–17ರ ಹಿಂದಿನ ಪ್ರವಾಸಕ್ಕೆ ಹೋಲಿಸಿದರೆ ನೇರ ಹೊರಸೂಸುವಿಕೆಯನ್ನು ಅರ್ಧಕ್ಕೆ ಇಳಿಸುತ್ತೇವೆ ಎಂಬುದು ಅದರ ಮುಖ್ಯ ಮಾತು. 2022ರ ಮಾರ್ಚ್ 18ರಂದು ಕೋಸ್ಟರಿಕಾ ದೇಶದ ಸ್ಯಾನ್ ಹೋಸೆ ನಗರದಲ್ಲಿ ‘ಮ್ಯೂಸಿಕ್ ಆಫ್ ದಿ ಸ್ಫಿಯರ್ಸ್’ ವಿಶ್ವ ಪ್ರವಾಸ ಶುರುವಾಯಿತು. 2024ರ ಹೊತ್ತಿಗೇ ಇದಕ್ಕೆ ಒಂದು ಕೋಟಿಗೂ ಹೆಚ್ಚು ಟಿಕೆಟುಗಳು ಮಾರಾಟವಾಗಿದ್ದವು.

ಹೆಸರಿನ ಬಗ್ಗೆ ಒಂದು ಮಾತು. ‘ಗೋಳಗಳ ಸಂಗೀತ’ ಎಂಬುದು ಗ್ರೀಕ್ ಪೈಥಾಗೊರಸನ ಅನುಯಾಯಿಗಳ ಕಾಲದ ಕಲ್ಪನೆ. ಆಕಾಶಕಾಯಗಳು ಚಲಿಸುವಾಗ ಒಂದು ಸ್ವರಮೇಳ ಉಂಟಾಗುತ್ತದೆ ಎಂದು ಅವರು ನಂಬಿದ್ದರು. ಯೋಹಾನೆಸ್ ಕೆಪ್ಲರ್ ಇದನ್ನೇ ಬೆನ್ನಟ್ಟಿ 1619ರಲ್ಲಿ ಒಂದು ಪುಸ್ತಕ ಬರೆದ. ಸೂರ್ಯನ ಹತ್ತಿರ ಬಂದಾಗ ಗ್ರಹದ ವೇಗ ಹೆಚ್ಚು, ಆದ್ದರಿಂದ ಸ್ವರ ಏರುತ್ತದೆ. ದೂರ ಹೋದಾಗ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ಒಂದೊಂದು ಗ್ರಹಕ್ಕೂ ಸ್ವರ ಬರೆದಿಟ್ಟ. ಗ್ರಹಗಳು ಹಾಡುವುದಿಲ್ಲ, ಅವುಗಳ ನಡುವಿನ ನಿರ್ವಾತದಲ್ಲಿ ಶಬ್ದ ಸಾಗುವುದೂ ಇಲ್ಲ. ಆದರೆ ಅದೇ ಪುಸ್ತಕದಲ್ಲಿ ಗ್ರಹಗಳ ಚಲನೆಯ ಮೂರನೇ ನಿಯಮವೂ ಇತ್ತು. ಅದು ಇಂದಿಗೂ ನಿಂತಿದೆ. ಸುಂದರವಾದ ಕಲ್ಪನೆ ಒಂದು ಕಡೆ, ಅಳತೆ ಮತ್ತು ಲೆಕ್ಕ ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದನ್ನು ಈ ಲೇಖನದಲ್ಲಿ ನಾವೂ ಮಾಡೋಣ.

ಮುಂಗೈಯ ದೀಪ

ಕ್ರೀಡಾಂಗಣದ ಒಳಗೆ ಹೋಗುವಾಗ ಪ್ರತಿಯೊಬ್ಬರಿಗೂ ಒಂದು ಕೈಪಟ್ಟಿ ಕೊಡುತ್ತಾರೆ. ಹಾಡು ಶುರುವಾದ ಕೂಡಲೇ ಎಲ್ಲರ ಕೈಪಟ್ಟಿಯೂ ಕೆಂಪಾಗುತ್ತದೆ, ಮರುಕ್ಷಣ ಹಳದಿ, ಆಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ನೀಲಿಯ ಅಲೆ. ಯಾರೂ ಗುಂಡಿ ಒತ್ತುವುದಿಲ್ಲ.

2012ರ ಸುಮಾರಿಗೆ ಇದೇ ತಂಡ ಬಳಸುತ್ತಿದ್ದ ಪಟ್ಟಿಗಳು ರೇಡಿಯೊ ಅಲೆಗಳಿಂದ ಕೆಲಸ ಮಾಡುತ್ತಿದ್ದವು. ಈಗಿನವು ಕೆನಡಾದ ಮಾಂಟ್ರಿಯಲ್‌ನ ಪಿಕ್ಸ್‌ಮಾಬ್ ಎಂಬ ಕಂಪನಿಯವು. ಇವು ಅವಕೆಂಪು ಕಿರಣಗಳಿಂದ, ಅಂದರೆ ಇನ್‌ಫ್ರಾರೆಡ್‌ನಿಂದ ನಡೆಯುತ್ತವೆ. ನಿಮ್ಮ ಮನೆಯ ಟಿ.ವಿ. ರಿಮೋಟಿನಲ್ಲಿ ಇರುವುದೂ ಇದೇ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಿಡಿಸಿ, ಕೆಂಪು ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಪಾದರಸ ಏರಿತು. ಕಣ್ಣಿಗೆ ಕಾಣದ ಬೆಳಕೂ ಇದೆ ಎಂದು ಗೊತ್ತಾದದ್ದು ಹೀಗೆ.

ಕ್ರೀಡಾಂಗಣದಲ್ಲಿ ಎತ್ತರದಲ್ಲಿ ಇಟ್ಟ ಸಾಧನಗಳು ಈ ಕಾಣದ ಬೆಳಕನ್ನು ಜನರ ಮೇಲೆ ಹಾಯಿಸುತ್ತವೆ. ಬೆಳಕು ಬಿಟ್ಟು ಬಿಟ್ಟು ಮಿನುಗುತ್ತದೆ. ಆ ಮಿನುಗುವ ಕ್ರಮವೇ ಸಂಕೇತ. ಪಟ್ಟಿಯಲ್ಲಿರುವ ಪುಟ್ಟ ಗ್ರಾಹಕ ಅದನ್ನು ಓದಿ, ಕೆಂಪು, ಹಸಿರು, ನೀಲಿ ಎಲ್‌ಇಡಿಗಳಲ್ಲಿ ಯಾವುದು ಎಷ್ಟು ಬೆಳಗಬೇಕೆಂದು ತೀರ್ಮಾನಿಸುತ್ತದೆ. ಕೆಂಪು ಮತ್ತು ಹಸಿರು ಒಟ್ಟಿಗೆ ಬೆಳಗಿದರೆ ನಮಗೆ ಹಳದಿ ಕಾಣುತ್ತದೆ. ಕಿರಣವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದರೆ, ಅದು ತಾಗಿದಲ್ಲೆಲ್ಲ ದೀಪ ಹತ್ತುತ್ತದೆ. ಕತ್ತಲಲ್ಲಿ ಟಾರ್ಚು ಹಾಯಿಸಿದ ಹಾಗೆ, ಅಷ್ಟೇ. ಅಲೆ ಎಂದು ನಮಗೆ ಕಂಡದ್ದು ಇದು.

ಈ ಪಟ್ಟಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಅಲ್ಲ, ಸಸ್ಯಮೂಲದ ವಸ್ತುವಿನದ್ದು. ಕಾರ್ಯಕ್ರಮ ಮುಗಿದ ಮೇಲೆ ವಾಪಸು ಕೊಡಬೇಕು. ಮುಂದಿನ ಊರಿನಲ್ಲಿ ಮತ್ತೆ ಬಳಸುತ್ತಾರೆ. ಯಾವ ಊರಿನವರು ಶೇಕಡಾ ಎಷ್ಟು ಹಿಂದಿರುಗಿಸಿದರು ಎಂದು ಪರದೆಯ ಮೇಲೆ ತೋರಿಸುತ್ತಾರಂತೆ. 2024ರಲ್ಲಿ ತಂಡ ಹೇಳಿದ ಪ್ರಕಾರ ಸರಾಸರಿ ಶೇಕಡಾ 86 ಪಟ್ಟಿಗಳು ವಾಪಸು ಬರುತ್ತಿದ್ದವು. ದಂಡ ಇಲ್ಲ, ಬೈಗುಳ ಇಲ್ಲ, ‘ನಮ್ಮ ಊರು ಹಿಂದೆ ಬೀಳಬಾರದು’ ಎಂಬ ಅಭಿಮಾನ ಇಷ್ಟು ಕೆಲಸ ಮಾಡುತ್ತದೆ ನೋಡಿ.

ದೀಪ ಮುಂದೆ, ಹಾಡು ಹಿಂದೆ

ದೀಪಗಳೆಲ್ಲ ತಾಳಕ್ಕೆ ಸರಿಯಾಗಿ ಹತ್ತುತ್ತವೆ. ಆದರೆ ಅಷ್ಟೇ ಜನ ಚಪ್ಪಾಳೆ ತಟ್ಟಿದರೆ ತಾಳ ತಪ್ಪುತ್ತದೆ. ಯಾಕೆ?

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಶಬ್ದದ ವೇಗ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್. ವೇದಿಕೆಯಿಂದ 170 ಮೀಟರ್ ದೂರದಲ್ಲಿ ಕೂತವರಿಗೆ ಹಾಡು ತಲುಪಲು 170 ÷ 340, ಅಂದರೆ ಅರ್ಧ ಸೆಕೆಂಡು ಬೇಕು. ನಿಮಿಷಕ್ಕೆ 120 ಬಡಿತದ ಹಾಡಾದರೆ ಅಷ್ಟರಲ್ಲಿ ಇಡೀ ಒಂದು ಬಡಿತ ಮುಂದೆ ಹೋಗಿರುತ್ತದೆ! ಮುಂದೆ ಕೂತವರು ಒಂದು ಬಡಿತಕ್ಕೆ ತಟ್ಟಿದರೆ ಹಿಂದೆ ಕೂತವರು ಅದೇ ಹೊತ್ತಿಗೆ ಹಿಂದಿನ ಬಡಿತಕ್ಕೆ ತಟ್ಟುತ್ತಿರುತ್ತಾರೆ.

ದೂರದವರಿಗೂ ಸ್ಪಷ್ಟವಾಗಿ ಕೇಳಲೆಂದು ದೊಡ್ಡ ಕಾರ್ಯಕ್ರಮಗಳಲ್ಲಿ ಮೈದಾನದ ನಡುವೆಯೂ ಧ್ವನಿವರ್ಧಕಗಳ ಗೋಪುರ ನಿಲ್ಲಿಸುತ್ತಾರೆ. ತಂತಿಯಲ್ಲಿ ಸಂಕೇತ ಕ್ಷಣಮಾತ್ರದಲ್ಲಿ ಅಲ್ಲಿಗೆ ತಲುಪುತ್ತದೆ, ವೇದಿಕೆಯ ಶಬ್ದ ನಿಧಾನವಾಗಿ ಬರುತ್ತದೆ. ಹಾಗೇ ಬಿಟ್ಟರೆ ಒಂದೇ ಪದ ಎರಡು ಸಲ ಕೇಳುತ್ತದೆ. ಆದ್ದರಿಂದ ಗೋಪುರದ ಧ್ವನಿಯನ್ನು ಬೇಕೆಂದೇ ಅಷ್ಟು ಹೊತ್ತು ತಡೆದು ಬಿಡುತ್ತಾರೆ. ಗೋಪುರ 68 ಮೀಟರ್ ದೂರದಲ್ಲಿದ್ದರೆ ಎಷ್ಟು ತಡೆಯಬೇಕು? ನೀವೇ ಭಾಗಿಸಿ ನೋಡಿ.

ಕುಣಿಯುವ ನೆಲ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕ್ರೀಡಾಂಗಣದ ಒಂದು ಭಾಗದಲ್ಲಿ ವಿಶೇಷ ನೆಲ ಹಾಸಿರುತ್ತಾರೆ. ನೆದರ್ಲೆಂಡ್ಸಿನ ಎನರ್ಜಿ ಫ್ಲೋರ್ಸ್ ಎಂಬ ಕಂಪನಿ ಮಾಡಿದ್ದು. ಮೇಲೆ ಕಾಲಿಟ್ಟರೆ ಹಲಗೆ ಸ್ವಲ್ಪವೇ ಕೆಳಗೆ ಕುಸಿಯುತ್ತದೆ. ಆ ಚಲನೆ ಕೆಳಗಿರುವ ಪುಟ್ಟ ಜನರೇಟರನ್ನು ತಿರುಗಿಸುತ್ತದೆ. ಕಾಂತ ಮತ್ತು ಸುರುಳಿ ಒಂದಕ್ಕೊಂದು ಸರಿದಾಡಿದರೆ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇಲ್ಲೂ ಇರುವುದು. ಹಳೇ ಸೈಕಲ್ಲಿನ ಡೈನಮೊ ಕೂಡ ಇದೇ.

ಒಂದು ಹೆಜ್ಜೆಗೆ ಎಷ್ಟು ಶಕ್ತಿ? ನಿಮ್ಮ ದ್ರವ್ಯರಾಶಿ 50 ಕಿಲೋಗ್ರಾಂ, ಹಲಗೆ ಕುಸಿಯುವುದು 1 ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ.

ಬಲ = 50 × 9.8 = 490 ನ್ಯೂಟನ್
ಕೆಲಸ = 490 × 0.01 = 4.9 ಜೌಲ್

ಸೆಕೆಂಡಿಗೆ ಎರಡು ಹೆಜ್ಜೆ ಹಾಕಿದರೆ ಸುಮಾರು 10 ವ್ಯಾಟ್. ಘರ್ಷಣೆಯಲ್ಲಿ ಏನೂ ಹಾಳಾಗದೆ ಎಲ್ಲವೂ ವಿದ್ಯುತ್ ಆದರೆ ಮಾತ್ರ ಇಷ್ಟು. ಜೋರಾಗಿ ಹಾರಿ ಇಳಿದರೆ ನೆಲದ ಮೇಲೆ ಬೀಳುವ ಬಲ ನಮ್ಮ ತೂಕಕ್ಕಿಂತ ಹೆಚ್ಚಿರುವುದರಿಂದ ಇನ್ನಷ್ಟು ಸಿಗುತ್ತದೆ. ಅದೇನೇ ಇರಲಿ, ಒಬ್ಬರು ಬಿಡದೆ ಹೆಜ್ಜೆ ಹಾಕಿದರೆ ಮನೆಯ ಒಂದು ಎಲ್‌ಇಡಿ ಬಲ್ಬು ಉರಿದೀತು.

ಕರೆಂಟು ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ 36 ಲಕ್ಷ ಜೌಲ್. 36 ಲಕ್ಷವನ್ನು 4.9ರಿಂದ ಭಾಗಿಸಿದರೆ ಸುಮಾರು 7 ಲಕ್ಷದ 35 ಸಾವಿರ. ಒಂದು ಯೂನಿಟ್ ಕರೆಂಟಿಗೆ ಅಷ್ಟು ಹೆಜ್ಜೆ ಹಾಕಬೇಕು! ಅಷ್ಟು ಕುಣಿದು ಗಳಿಸಿದ್ದನ್ನು ಒಂದು ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದೇ ಗಂಟೆಯಲ್ಲಿ ಮುಗಿಸಿಬಿಡುತ್ತದೆ.

ಸೈಕಲ್ ಇದಕ್ಕಿಂತ ವಾಸಿ. ನಿಂತಲ್ಲೇ ತುಳಿಯುವ ಸೈಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಸಾಧಾರಣ ಆರೋಗ್ಯವಂತರು ಗಂಟೆಗಟ್ಟಲೆ ಕೊಡಬಲ್ಲ ಸಾಮರ್ಥ್ಯ 100 ವ್ಯಾಟ್‌ನ ಆಸುಪಾಸು. ಅಂದರೆ ಹತ್ತು ಜನ ಒಂದು ಗಂಟೆ ತುಳಿದರೆ ಒಂದು ಯೂನಿಟ್.

ಈ ಶಕ್ತಿ ಎಲ್ಲಿಂದ ಬಂತು ಅಂತ ಕೇಳುವುದನ್ನು ಮರೆಯಬೇಡಿ. ಶಕ್ತಿಯನ್ನು ಸೃಷ್ಟಿಸಲು ಆಗುವುದಿಲ್ಲ, ರೂಪ ಬದಲಿಸಬಹುದು ಅಷ್ಟೇ. ಇದು ಬಂದದ್ದು ಊಟದಿಂದ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಕೊಡುತ್ತವೆ. ಉಳಿದದ್ದು ಶಾಖ, ಬೆವರು. ಲೆಕ್ಕ ಹಾಕಿದರೆ ಒಂದು ಯೂನಿಟ್‌ಗೆ ಸುಮಾರು 3400 ಕಿಲೋಕ್ಯಾಲೊರಿ ಆಹಾರ ಬೇಕು. ಒಬ್ಬ ವಯಸ್ಕರ ಒಂದು ದಿನದ ಊಟಕ್ಕಿಂತ ಜಾಸ್ತಿ. ಕೆಲವೇ ರೂಪಾಯಿಗೆ ಸಿಗುವ ಒಂದು ಯೂನಿಟ್‌ಗೆ ದಿನಪೂರ್ತಿಯ ಅನ್ನ ಸಾಂಬಾರು ಕೊಡಬೇಕಾಯಿತು.

17 ಯೂನಿಟ್ ಅಂದರೆ ಎಷ್ಟು?

2024ರ ಜೂನಿನಲ್ಲಿ ತಂಡ ಎರಡು ವರ್ಷದ ಲೆಕ್ಕ ಕೊಟ್ಟಿತು. ಸೌರಫಲಕ, ಕುಣಿಯುವ ನೆಲ, ಸೈಕಲ್ ಮೂರೂ ಸೇರಿ ಒಂದು ಕಾರ್ಯಕ್ರಮಕ್ಕೆ ಸರಾಸರಿ 17 ಯೂನಿಟ್. ಮೈದಾನದ ಇನ್ನೊಂದು ತುದಿಯಲ್ಲಿರುವ ಸಣ್ಣ ವೇದಿಕೆಯಲ್ಲಿ ಕೆಲವು ಹಾಡು ಹಾಡಲು ಮತ್ತು ಕೆಲಸಗಾರರ ಫೋನು, ಲ್ಯಾಪ್‌ಟಾಪ್, ಉಪಕರಣಗಳನ್ನು ಚಾರ್ಜ್ ಮಾಡಲು ಇದು ಸಾಕಾಗುತ್ತದಂತೆ. ಮುಖ್ಯ ವೇದಿಕೆಗೆ ಇದು ಏನೇನೂ ಸಾಲದು.

ಇದನ್ನು ಡೀಸೆಲ್‌ಗೆ ಹೋಲಿಸೋಣ. ಜನರೇಟರಿನಲ್ಲಿ ಒಂದು ಲೀಟರ್ ಡೀಸೆಲ್ ಸುಟ್ಟರೆ 3ರಿಂದ 3.5 ಯೂನಿಟ್ ಸಿಗುತ್ತದೆ, ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಾಗಾದರೆ 17 ಯೂನಿಟ್‌ನಿಂದ ಉಳಿದದ್ದು ಸುಮಾರು 5 ಲೀಟರ್ ಡೀಸೆಲ್, 14 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್.

ದೊಡ್ಡ ಕೆಲಸ ಮಾಡುವುದು ಬ್ಯಾಟರಿಗಳು. ಬಿಎಂಡಬ್ಲ್ಯು ಕಂಪನಿಯ ಐ3 ಎಂಬ ವಿದ್ಯುತ್ ಕಾರಿನ 40 ಬ್ಯಾಟರಿಗಳನ್ನು ಜೋಡಿಸಿ, ಊರಿಂದ ಊರಿಗೆ ಒಯ್ಯಬಲ್ಲ ವಿದ್ಯುತ್ ಭಂಡಾರ ಮಾಡುವ ಯೋಜನೆ ಇದು. ಹೊಸದಿದ್ದಾಗ ಈ ಕಾರಿನ ಒಂದು ಬ್ಯಾಟರಿ, ಮಾದರಿಗೆ ತಕ್ಕಂತೆ, ಸುಮಾರು 22ರಿಂದ 42 ಯೂನಿಟ್ ಹಿಡಿಯುತ್ತದೆ. 40ರಿಂದ ಗುಣಿಸಿ, 17ರ ಪಕ್ಕದಲ್ಲಿ ಇಟ್ಟು ನೋಡಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಬ್ಯಾಟರಿ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ. ಆದರೂ ಲಾಭ ಇದೆ. ಕಾರ್ಯಕ್ರಮದಲ್ಲಿ ಒಂದು ಕ್ಷಣ ಎಲ್ಲ ದೀಪವೂ ಬೆಳಗುತ್ತದೆ, ಮರುಕ್ಷಣ ಕತ್ತಲು. ಜನರೇಟರ್ ಆದರೆ ಅತಿ ಹೆಚ್ಚಿನ ಬೇಡಿಕೆಗೆ ತಕ್ಕಷ್ಟು ದೊಡ್ಡದನ್ನು ತಂದು, ಕೆಲಸ ಕಡಿಮೆ ಇದ್ದಾಗಲೂ ಗುಡುಗುಟ್ಟಿಸುತ್ತ ಇಡಬೇಕು. ಬ್ಯಾಟರಿ ಬೇಕೆಂದಾಗ ಬೇಕಾದಷ್ಟು ಕೊಟ್ಟು ಸುಮ್ಮನಿರುತ್ತದೆ. ಅದನ್ನು ಬಿಸಿಲು ಗಾಳಿಯ ವಿದ್ಯುತ್ತಿನಿಂದ ನಿಧಾನವಾಗಿ ತುಂಬಿಸಬಹುದು. 2023ರಲ್ಲಿ 18 ಕಾರ್ಯಕ್ರಮಗಳು ಪೂರ್ತಿಯಾಗಿ ಇಂತಹ ಬ್ಯಾಟರಿಗಳಿಂದಲೇ ನಡೆದವು ಎಂದು ತಂಡ ಹೇಳಿದೆ.

ಲೆಕ್ಕದ ಹೊರಗೆ ಉಳಿದದ್ದು

ಎಲ್ಲ ಸೇರಿ ಎಷ್ಟಾಯಿತು? ಹಿಂದಿನ ಪ್ರವಾಸಕ್ಕಿಂತ ಒಂದೊಂದು ಕಾರ್ಯಕ್ರಮದ ನೇರ ಹೊರಸೂಸುವಿಕೆ ಶೇಕಡಾ 59ರಷ್ಟು ಕಡಿಮೆಯಾಯಿತು. ಅಮೆರಿಕದ ಎಂಐಟಿ ಸಂಸ್ಥೆಯ ಪ್ರಾಧ್ಯಾಪಕರೊಬ್ಬರು ಈ ಲೆಕ್ಕವನ್ನು ಪರಿಶೀಲಿಸಿದ್ದಾರೆ. ಅರ್ಧಕ್ಕೆ ಇಳಿಸುತ್ತೇವೆ ಎಂದವರು ಅದಕ್ಕಿಂತ ಹೆಚ್ಚೇ ಇಳಿಸಿದರು. ಮೆಚ್ಚಬೇಕಾದ ವಿಷಯವೇ.

ಆದರೆ ‘ನೇರ’ ಎಂಬ ಪದದ ಕೆಳಗೆ ಒಂದು ಗೆರೆ ಎಳೆಯಿರಿ. ವೇದಿಕೆ, ಸಾಗಣೆ, ತಂಡದವರ ಓಡಾಟ ಇವು ನೇರ. ನೋಡಲು ಬರುವ ಜನರ ಓಡಾಟ ಇದರಲ್ಲಿ ಸೇರಿಲ್ಲ. ಅದು ಎಷ್ಟಿರಬಹುದು?

50 ಸಾವಿರ ಜನ, ನಾಲ್ವರಿಗೆ ಒಂದರಂತೆ ಕಾರಿನಲ್ಲಿ, ಹೋಗಿ ಬರಲು ಒಟ್ಟು 30 ಕಿಲೋಮೀಟರ್ ಮಾತ್ರ ಓಡಾಡಿದರು ಅಂತ ಇಟ್ಟುಕೊಳ್ಳಿ. ಲೀಟರಿಗೆ 15 ಕಿಲೋಮೀಟರ್ ಅಂದರೆ ಒಂದು ಕಾರಿಗೆ 2 ಲೀಟರ್ ಪೆಟ್ರೋಲ್. ಒಂದು ಲೀಟರಿಗೆ 2.3 ಕಿಲೋಗ್ರಾಂನಂತೆ 4.6 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್. 12,500 ಕಾರುಗಳಿಗೆ 57,500 ಕಿಲೋಗ್ರಾಂ! ಒಬ್ಬೊಬ್ಬರೇ ಕಾರಿನಲ್ಲಿ ಬಂದರೆ ಇದರ ನಾಲ್ಕು ಪಟ್ಟು. ಬೇರೆ ಊರುಗಳಿಂದ ವಿಮಾನದಲ್ಲಿ ಬಂದವರನ್ನು ನಾವಿನ್ನೂ ಎಣಿಸಿಯೇ ಇಲ್ಲ.

ಒಂದು ಕಡೆ ಕುಣಿದು ತುಳಿದು ಬಿಸಿಲು ಹಿಡಿದು ಉಳಿಸಿದ 14 ಕಿಲೋಗ್ರಾಂ, ಇನ್ನೊಂದು ಕಡೆ ಬಂದು ಹೋಗಿ ಸುಟ್ಟ 57,500 ಕಿಲೋಗ್ರಾಂ. ನಾಲ್ಕು ಸಾವಿರ ಪಟ್ಟು. ಆದ್ದರಿಂದ ಅಹಮದಾಬಾದಿನ ಕಾರ್ಯಕ್ರಮದ ದಿನಗಳಂದು ಪಶ್ಚಿಮ ರೈಲ್ವೆ ಮುಂಬಯಿಯಿಂದ ವಿಶೇಷ ರೈಲು ಬಿಟ್ಟದ್ದು ಪತ್ರಿಕೆಯಲ್ಲಿ ಸಣ್ಣ ಸುದ್ದಿಯಾದರೂ, ಲೆಕ್ಕದಲ್ಲಿ ಕುಣಿಯುವ ನೆಲಕ್ಕಿಂತ ದೊಡ್ಡದು.

ಇನ್ನೂ ಎರಡು ಪ್ರಶ್ನೆಗಳಿವೆ. ಒಂದು ಟಿಕೆಟಿಗೆ ಒಂದು ಮರ ಎಂಬಂತೆ 2024ರ ಮಧ್ಯದ ಹೊತ್ತಿಗೆ 70 ಲಕ್ಷ ಮರ ನೆಡಿಸಿದ್ದೇವೆ ಎಂದು ತಂಡ ಹೇಳಿದೆ. ಒಳ್ಳೆಯದೇ. ಆದರೆ ವಿಮಾನದ ಹೊಗೆ ಇವತ್ತೇ ಗಾಳಿಗೆ ಸೇರುತ್ತದೆ, ಸಸಿ ಅದನ್ನು ಹೀರಲು ದಶಕಗಳು ಬೇಕು, ಅದೂ ಅಷ್ಟು ಕಾಲ ಬದುಕಿ ಉಳಿದರೆ. ಎರಡನೆಯದು ವಿಮಾನದ ಇಂಧನ. ಬಳಸಿ ಉಳಿದ ಅಡುಗೆ ಎಣ್ಣೆಯಂತಹ ತ್ಯಾಜ್ಯದಿಂದ ತಯಾರಿಸಿದ ಇಂಧನವನ್ನು ತಂಡ ಬಳಸುತ್ತದೆ. ಅದನ್ನು ಕೊಡುವ ಕಂಪನಿ ತಾಳೆ ಎಣ್ಣೆಯನ್ನೂ ಬಳಸುತ್ತದೆ, ತಾಳೆ ತೋಟಕ್ಕಾಗಿ ಕಾಡು ಕಡಿಯುತ್ತಾರೆ ಎಂದು 2022ರಲ್ಲಿ ಯುರೋಪಿನ ಪರಿಸರ ಸಂಘಟನೆಯೊಂದು ಆಕ್ಷೇಪಿಸಿತು. ನಮ್ಮ ಪ್ರವಾಸಕ್ಕೆ ಕೊಡುವುದರಲ್ಲಿ ತಾಳೆ ಎಣ್ಣೆ ಇಲ್ಲವೆಂಬ ಭರವಸೆ ಪಡೆದಿದ್ದೇವೆ ಎಂದು ತಂಡ ಉತ್ತರಿಸಿತು. ‘ಹಸಿರು’ ಎಂಬ ಹೆಸರಿದ್ದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಹಾಗಾದರೆ ಕುಣಿಯುವುದು ದಂಡವೇ?

ಅಲ್ಲ. ಆ ನೆಲದ ಮೇಲೆ ಹಾರಿದವರಿಗೆ, ಆ ಸೈಕಲ್ ತುಳಿದವರಿಗೆ ಒಂದು ಯೂನಿಟ್‌ನ ಬೆಲೆ ಮೈಗೇ ಗೊತ್ತಾಗುತ್ತದೆ. ನಾವು ಬೆರಳಲ್ಲಿ ಸ್ವಿಚ್ ಒತ್ತಿದವರು, ಬೆವರಿನ ಲೆಕ್ಕ ನಮಗೆ ಗೊತ್ತಿಲ್ಲ. ಆದರೆ ಅದನ್ನು ಪಾಠವೆಂದು ತಿಳಿಯಬೇಕೇ ಹೊರತು ಪರಿಹಾರವೆಂದು ನಂಬಬಾರದು. ಕಣ್ಣಿಗೆ ಚಂದ ಕಾಣುವ ಭಾಗ ಚಿಕ್ಕದು. ದೊಡ್ಡ ಭಾಗ ಯಾರೂ ಫೋಟೊ ತೆಗೆಯದ ಬ್ಯಾಟರಿ ಪೆಟ್ಟಿಗೆಯಲ್ಲಿ, ಲಾರಿಯ ಇಂಧನದಲ್ಲಿ, ಜನ ಬಂದ ದಾರಿಯಲ್ಲಿ ಇರುತ್ತದೆ. ಯಾವುದು ಚಿಕ್ಕದು, ಯಾವುದು ದೊಡ್ಡದು ಎಂದು ಬೇರ್ಪಡಿಸಲು ನಮ್ಮ ಕೈಯಲ್ಲಿರುವ ಸಾಧನ ಗುಣಾಕಾರ, ಭಾಗಾಕಾರ ಮಾತ್ರ.

ಮಾಡಿ ನೋಡಿ

1. ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಮಿನುಗು ಪರದೆಯಲ್ಲಿ ಕಾಣಬಹುದು. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಅವಕೆಂಪನ್ನು ತಡೆಯುವ ಸೋಸುಕ ಇರುತ್ತದೆ.

2. ಶಾಲೆಯ ಮೆಟ್ಟಿಲನ್ನು ಓಡಿ ಹತ್ತಿ. ನಿಮ್ಮ ತೂಕ, ಮೆಟ್ಟಿಲಿನ ಒಟ್ಟು ಎತ್ತರ, ಹಿಡಿದ ಸೆಕೆಂಡು ಮೂರನ್ನೂ ಬರೆದುಕೊಂಡು ನೀವು ಎಷ್ಟು ವ್ಯಾಟ್ ಎಂದು ಕಂಡುಹಿಡಿಯಿರಿ. ಅಷ್ಟೇ ಸಾಮರ್ಥ್ಯದಲ್ಲಿ ಒಂದು ಗಂಟೆ ಹತ್ತಲು ಸಾಧ್ಯವೇ, ಯೋಚಿಸಿ.

3. ನಿಮ್ಮೂರಿನ ಒಂದು ಕಾರ್ಯಕ್ರಮವನ್ನು ಆರಿಸಿಕೊಳ್ಳಿ. ಕಾಸರಗೋಡಿನ ಕಡೆಯ ಯಕ್ಷಗಾನ ಬಯಲಾಟವಾಗಲಿ, ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಾಗಲಿ, ನಿಮ್ಮ ಶಾಲೆಯ ವಾರ್ಷಿಕೋತ್ಸವವಾಗಲಿ, ಯಾವುದಾದರೂ ಆದೀತು. ಜನರೇಟರಿಗೆ ಎಷ್ಟು ಲೀಟರ್ ಡೀಸೆಲ್ ಹಾಕಿದರು ಅಂತ ಮೈಕು ದೀಪದವರನ್ನು ಕೇಳಿ. ಬಂದವರಲ್ಲಿ 50 ಜನರನ್ನು, ಎಷ್ಟು ದೂರದಿಂದ, ಯಾವುದರಲ್ಲಿ ಬಂದಿರಿ ಅಂತ ಕೇಳಿ ಬರೆದುಕೊಳ್ಳಿ. ಮೇಲೆ ಕೊಟ್ಟ ಸಂಖ್ಯೆಗಳನ್ನು ಬಳಸಿ ಎರಡು ಪಟ್ಟಿ ಮಾಡಿ: ದೀಪಕ್ಕೆ ಸುಟ್ಟದ್ದು, ದಾರಿಗೆ ಸುಟ್ಟದ್ದು. ಯಾವುದು ದೊಡ್ಡದು? ನಡೆದು ಬಂದವರು ಎಷ್ಟು ಮಂದಿ?

ನಿಮ್ಮ ಲೆಕ್ಕ ಮೇಲಿನ ಲೆಕ್ಕಕ್ಕೆ ಹೊಂದಬೇಕೆಂದಿಲ್ಲ. ಹೊಂದದಿದ್ದರೆ ಯಾಕೆ ಅಂತ ಒಂದು ಪುಟ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ಕೊಡಿ.